ಸಭಾಸೇವೆಯ ಕರೆ: ಗುರುತಿಸುವುದು ಹೇಗೆ, ಒಪ್ಪುವವರು ಯಾರು

ಗುರುಮಠಕಲ್ ಕರ್ನಾಟಕದ ಅಂಚಿನ ತಾಲ್ಲೂಕು. ಸ್ವಲ್ಪ ದೂರ ಹೋದರೆ ತೆಲಂಗಾಣದ ನಾರಾಯಣಪೇಟೆ ಸಿಗುತ್ತದೆ. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಊರಿನ ಖಾಸಾಮಠ ಸುತ್ತಲಿನ ಹಳ್ಳಿಗಳಿಗೆಲ್ಲ ಪರಿಚಿತ. ಸಣ್ಣ ಹುಡುಗನನ್ನು ಮರಿಯಾಗಿ ಮಠಕ್ಕೆ ಬಿಡುವುದು, ಮುಂದೆ ಅವನಿಗೆ ಪಟ್ಟ ಕಟ್ಟುವುದು ಈ ಸೀಮೆಯ ಜನಕ್ಕೆ ಹೊಸದಲ್ಲ. ಆದರೆ ಇದೇ ಸೀಮೆಯ ಕ್ರೈಸ್ತ ಮನೆಯೊಂದರಲ್ಲಿ ಹುಡುಗನೋ ಹುಡುಗಿಯೋ ‘ದೇವರು ನನ್ನನ್ನು ಸೇವೆಗೆ ಕರೆದಿದ್ದಾರೆ’ ಎಂದಾಗ ಮುಂದೆ ಏನೇನು ನಡೆಯಬೇಕು ಎಂಬುದು ಹೊರಗಿನವರಿಗೆ ಗೊತ್ತಿಲ್ಲ. ಕ್ರೈಸ್ತರಲ್ಲೂ ಬಹಳ ಮಂದಿಗೆ ಅರ್ಧಂಬರ್ಧ ಗೊತ್ತು. ಕರೆ ಒಬ್ಬರ ಎದೆಯಲ್ಲಿ ಹುಟ್ಟಬಹುದು. ಅದು ಖರೆ ಹೌದೋ ಅಲ್ಲವೋ ಎಂದು ಹೇಳಬೇಕಾದದ್ದು ಸಭೆ, ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯ. ಈ ಮಾತು ಮರೆತಲ್ಲೆಲ್ಲ ಕರೆಸಿಕೊಂಡವರಿಗೂ ಸಭೆಗೂ ನಷ್ಟವಾಗಿದೆ.

ಒಳಗಿನ ಕರೆ, ಹೊರಗಿನ ಕರೆ

ಕ್ರೈಸ್ತ ನಂಬಿಕೆಯಲ್ಲಿ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ದೇವರ ಕರೆಯಿದೆ. ಹೊಲ ಉಳುವವರಿಗೂ ಇದೆ, ಶಾಲೆ ಕಲಿಸುವವರಿಗೂ ಇದೆ. ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಗಟ್ಟಿಯಾಗಿ ವಾದಿಸಿದ್ದು ಇದನ್ನೇ. ಆ ಎಲ್ಲರ ನಡುವಿನಿಂದ ಕೆಲವರನ್ನು ವಾಕ್ಯಬೋಧನೆಗೆ, ಸಂಸ್ಕಾರಗಳನ್ನು ನಡೆಸುವುದಕ್ಕೆ, ಸಭೆಯನ್ನು ಕಾಯುವುದಕ್ಕೆ ಪ್ರತ್ಯೇಕಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ನೇಮಿಸುತ್ತಾರೆ. ಕಥೋಲಿಕರು ಇದನ್ನು ಗುರುದೀಕ್ಷೆ ಎನ್ನುತ್ತಾರೆ, ಪ್ರೊಟೆಸ್ಟಂಟರು ಅಭಿಷೇಕ, ಆರ್ಡಿನೇಷನ್ ಎನ್ನುತ್ತಾರೆ. ದೀಕ್ಷೆ ಪಡೆದವರು ಒಬ್ಬರಿಗೆ ಫಾದರ್, ಇನ್ನೊಬ್ಬರಿಗೆ ಪಾಸ್ಟರ್, ಉತ್ತರ ಕರ್ನಾಟಕದ ಹಳೆಯ ಸಭೆಗಳಲ್ಲಿ ಅಯ್ಯನವರು.

ಇನ್ನೊಬ್ಬ ಸುಧಾರಕ ಜಾನ್ ಕ್ಯಾಲ್ವಿನ್ ಎರಡು ಕರೆಗಳನ್ನು ಬೇರ್ಪಡಿಸಿ ನೋಡಿದರು. ಒಂದು ಒಳಗಿನದು, ಅದಕ್ಕೆ ಮನಸ್ಸಾಕ್ಷಿಯೇ ಸಾಕ್ಷಿ. ಇನ್ನೊಂದು ಹೊರಗಿನದು, ಸಭೆ ಎಲ್ಲರೆದುರು ಕೊಡುವಂಥದ್ದು. ಎರಡರಲ್ಲಿ ಒಂದು ಇಲ್ಲದಿದ್ದರೂ ಸೇವೆ ಕುಂಟುತ್ತದೆ. ಸಭೆ ಆರಿಸಿದೆ, ಒಳಗೆ ಏನೂ ಇಲ್ಲ ಎಂದಾದರೆ ಅದು ನೌಕರಿ. ಒಳಗೆ ಬೆಂಕಿಯಿದೆ, ಸಭೆಯ ಒಪ್ಪಿಗೆ ಬೇಡ ಎಂದರೆ ಆ ಬೆಂಕಿ ಬೇರೆಯವರ ಮನೆ ಸುಡಬಹುದು.

ಬೈಬಲಿನಲ್ಲಿ ಕರೆಯ ಕಥೆಗಳು ಬೇಕಾದಷ್ಟಿವೆ. ಮೋಶೆಗೆ ತನ್ನ ಮಾತು ತಡವರಿಸುತ್ತದೆಂಬ ಅಳುಕು, ಯೆರೆಮೀಯನಿಗೆ ತಾನಿನ್ನೂ ಸಣ್ಣವನೆಂಬ ಅಳುಕು. ಆಮೋಸ ಕುರಿ ಕಾಯುತ್ತಿದ್ದವನು, ಪ್ರವಾದಿಗಳ ಮನೆತನದವನೂ ಅಲ್ಲ. ಇವುಗಳಲ್ಲಿ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಸಮುವೇಲನ ಕಥೆ. ರಾತ್ರಿ ಹೆಸರು ಹಿಡಿದು ಕರೆದದ್ದು ಕೇಳಿ ಹುಡುಗ ಮುದಿ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ಮೂರು ಸಲ ಹೀಗಾಗುತ್ತದೆ. ಕರೆಯುತ್ತಿರುವವನು ದೇವರು ಎಂದು ಗುರುತಿಸಿದ್ದು ಸಮುವೇಲನಲ್ಲ, ಕಣ್ಣು ಮಂಜಾಗಿದ್ದ ಏಲಿ. ಆ ಕರೆ ಹೊತ್ತು ತಂದ ಸುದ್ದಿ ಏಲಿಯ ಮನೆತನಕ್ಕೇ ವಿರುದ್ಧವಾಗಿತ್ತು. ಆದರೂ ಏನನ್ನೂ ಮುಚ್ಚಿಡಬೇಡ ಎಂದು ಅವನೇ ಹುಡುಗನನ್ನು ಒತ್ತಾಯಿಸುತ್ತಾನೆ. ಕರೆ ಪರೀಕ್ಷಿಸಲು ಕುಳಿತ ಪ್ರತಿ ಹಿರಿಯರಲ್ಲೂ ಇರಬೇಕಾದ ಗುಣ ಇದು.

ಯಾದಗಿರಿ ಸೀಮೆಯ ಸಭೆಗಳು

ಯಾದಗಿರಿ 2010ರಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಅದಕ್ಕೂ ಬಹಳ ಹಿಂದೆ, ಇದು ಹೈದರಾಬಾದ್ ನಿಜಾಮರ ಸೀಮೆಯಾಗಿದ್ದಾಗ, ಅಮೆರಿಕದ ಮೆಥಡಿಸ್ಟರು ಬೀದರ್, ಕಲಬುರಗಿ, ಯಾದಗಿರಿಗಳಲ್ಲಿ ಸಭೆ, ಶಾಲೆ, ಆಸ್ಪತ್ರೆಗಳನ್ನು ಕಟ್ಟಿದರು. ದಕ್ಷಿಣ ಭಾರತದಲ್ಲಿ ಅವರ ಕೆಲಸದ ಬೇರು 1870ರಲ್ಲಿ ಭಾರತಕ್ಕೆ ಬಂದ ವಿಲಿಯಂ ಟೇಲರ್ ಅವರಲ್ಲಿದೆ. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರು ಅಮೆರಿಕದ ಟೆನೆಸಿ ಭಾಗದ ಹೋಲ್‌ಸ್ಟನ್ ಮೆಥಡಿಸ್ಟ್ ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಆಡಳಿತ ಸಭೆಯಿಂದ ಬಂದದ್ದು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ಮೈಸೂರು ಕಡೆಯ ಬ್ರಿಟಿಷ್ ಮೆಥಡಿಸ್ಟರು ಅದರಲ್ಲಿ ಸೇರಿದರು. ಅಮೆರಿಕನ್ ಮೂಲದ ಮೆಥಡಿಸ್ಟರು ಹೊರಗುಳಿದರು. ಅವರ ಸಭೆ 1981ರಲ್ಲಿ ಸ್ವಾಯತ್ತವಾಗಿ ಭಾರತದ ಮೆಥಡಿಸ್ಟ್ ಸಭೆ ಎನಿಸಿತು. ಆದ್ದರಿಂದ ಧಾರವಾಡದ ಕ್ರೈಸ್ತ ಯುವಕ ಸಿ.ಎಸ್.ಐ. ಬಿಷಪ್ಪರ ಕಡೆ ನೋಡಿದರೆ ಯಾದಗಿರಿಯ ಯುವಕ ಮೆಥಡಿಸ್ಟ್ ಕಾನ್ಫರೆನ್ಸಿನ ಕಡೆ ನೋಡುತ್ತಾನೆ. ಕಥೋಲಿಕರಿಗೆ 2005ರಲ್ಲಿ ಕಲಬುರಗಿ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ರಾಬರ್ಟ್ ಮೈಕೆಲ್ ಮಿರಾಂಡ ಅದರ ಮೊದಲ ಧರ್ಮಾಧ್ಯಕ್ಷರು. ಇವುಗಳ ಜೊತೆಗೆ ಯಾವ ದೊಡ್ಡ ಸಂಸ್ಥೆಗೂ ಸೇರದ ಸ್ವತಂತ್ರ ಪ್ರಾರ್ಥನಾ ಸಭೆಗಳೂ ಇವೆ.

ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ಪ್ರತಿವರ್ಷ ನವೆಂಬರಿನಲ್ಲಿ ಮೆಥಡಿಸ್ಟ್ ಜಾತ್ರೆ ನಡೆಯುತ್ತದೆ. ಗಡಿಯ ಈಚಿನ ಕನ್ನಡ ಹಳ್ಳಿಗಳಿಂದಲೂ ಜನ ಹೋಗಿ ಗುಡಾರ ಹಾಕಿಕೊಂಡು ಇರುತ್ತಾರೆ. ರಾತ್ರಿಯ ಹಾಡು, ಪ್ರಾರ್ಥನೆ, ಪ್ರಸಂಗಗಳ ನಡುವೆ ‘ನನ್ನ ಜೀವನ ಸೇವೆಗೆ ಕೊಟ್ಟೆ’ ಎಂದು ಎದ್ದು ನಿಲ್ಲುವ ಯುವಕರು ಇಂಥ ಕೂಟಗಳಲ್ಲಿ ಇದ್ದೇ ಇರುತ್ತಾರೆ. ಆ ಗಳಿಗೆಯನ್ನು ಹಗುರವಾಗಿ ನೋಡಬಾರದು. ಹಾಗಂತ ಅದೊಂದನ್ನೇ ನೆಚ್ಚಿ ಬದುಕು ಕಟ್ಟುವಂತೆಯೂ ಇಲ್ಲ. ಗುಡಾರ ಕಿತ್ತು ಊರಿಗೆ ಬಂದು, ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ದಿನಗಳು ಕಳೆದ ಮೇಲೂ ಆ ಮಾತು ಉಳಿದಿದೆಯೇ? ಅಲ್ಲಿಂದ ಪರೀಕ್ಷೆ ಶುರು.

ವೆಸ್ಲಿ ಕೇಳಿದ ಮೂರು ಸಂಗತಿ

ಮೆಥಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿ 1746ರ ಸಮ್ಮೇಳನದಲ್ಲಿ ತನ್ನ ಬೋಧಕರೊಂದಿಗೆ ಕುಳಿತು ಇದನ್ನೇ ಚರ್ಚಿಸಿದರು: ಒಬ್ಬ ಮನುಷ್ಯ ತನಗೆ ಕರೆ ಬಂದಿದೆ ಎಂದರೆ ಅದನ್ನು ತಿಳಿಯುವುದು ಹೇಗೆ? ಅವರು ಕಂಡುಕೊಂಡ ಉತ್ತರದಲ್ಲಿ ಕೃಪೆ, ವರ, ಫಲ ಎಂಬ ಮೂರು ಗುರುತುಗಳಿವೆ. ಆತನಿಗೆ ಕ್ಷಮಿಸುವ ದೇವರ ಅನುಭವವಿದೆಯೇ, ನಡತೆಯಲ್ಲಿ ಅದು ಕಾಣುತ್ತದೆಯೇ? ಕೆಲಸಕ್ಕೆ ಬೇಕಾದ ಬುದ್ಧಿ, ವಿವೇಚನೆ, ತಿಳಿಯಾಗಿ ಮಾತಾಡುವ ಶಕ್ತಿ ಇದೆಯೇ? ಆತನ ಸೇವೆಯಿಂದ ಯಾರ ಬದುಕಾದರೂ ನಿಜಕ್ಕೂ ತಿರುಗಿದೆಯೇ?

ಮೂರನೆಯ ಪ್ರಶ್ನೆಯಲ್ಲೇ ಇದರ ಜಾಣ್ಮೆಯಿದೆ. ಫಲ ನೋಡಬೇಕಾದರೆ ಮೊದಲು ಕೆಲಸ ಕೊಡಬೇಕು. ಆದ್ದರಿಂದ ಮೆಥಡಿಸ್ಟರಲ್ಲಿ ಯಾರೂ ನೇರವಾಗಿ ಪಾಸ್ಟರ್ ಆಗುವುದಿಲ್ಲ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವರು, ಯುವಜನರ ಕೂಟ ನಡೆಸಿದವರು ಮೊದಲು ಸ್ಥಳೀಯ ಬೋಧಕರಾಗುತ್ತಾರೆ. ಅವರನ್ನು ಶಿಫಾರಸು ಮಾಡುವುದು ಅವರನ್ನು ಬಲ್ಲ ಊರಿನ ಸಭೆ. ಆಮೇಲೆ ಜಿಲ್ಲಾ ಮಟ್ಟ, ಅಲ್ಲಿಂದ ರೀಜನಲ್ ಕಾನ್ಫರೆನ್ಸ್. ಅಲ್ಲಿ ಸಂದರ್ಶನ, ಓದು, ಪ್ರಾಯೋಗಿಕ ಅವಧಿ ಎಲ್ಲ ಮುಗಿದ ಮೇಲೆ ಮೊದಲು ಡೀಕನ್, ನಂತರ ಎಲ್ಡರ್ ಎಂಬ ಎರಡು ಹಂತಗಳ ದೀಕ್ಷೆ. ಎಲ್ಲಿ ಸೇವೆ ಮಾಡಬೇಕೆಂಬುದನ್ನು ಪಾಸ್ಟರ್ ಆರಿಸುವುದಿಲ್ಲ. ಬಿಷಪ್ ನೇಮಕಗಳನ್ನು ಓದುತ್ತಾರೆ, ಹೆಸರು ಬಂದ ಊರಿಗೆ ಹೊರಡಬೇಕು. ಈ ವರ್ಗಾವಣೆಗೆ ಮನಸ್ಸು ಸಿದ್ಧವಿಲ್ಲದವರು ಮೊದಲೇ ಹಾಗೆಂದು ಹೇಳುವುದು ಒಳ್ಳೆಯದು.

ದೀಕ್ಷೆಗೆ ಮುನ್ನ ವೆಸ್ಲಿಯ ಕಾಲದಿಂದ ಬಂದ ಪ್ರಶ್ನೆಗಳನ್ನು ಕಾನ್ಫರೆನ್ಸಿನ ಎದುರು ಕೇಳುವ ಸಂಪ್ರದಾಯ ಮೆಥಡಿಸ್ಟರಲ್ಲಿದೆ. ಅವುಗಳಲ್ಲಿ ಪ್ರೀತಿಯಲ್ಲಿ ಪರಿಪೂರ್ಣತೆಯ ಕಡೆ ನಡೆಯುತ್ತಿದ್ದೀರಾ ಎಂಬಂಥ ಎತ್ತರದ ಪ್ರಶ್ನೆಯೂ ಇದೆ. ಮನೆಮನೆಗೆ ಹೋಗುತ್ತೀರಾ, ಮಕ್ಕಳಿಗೆ ಕಲಿಸುತ್ತೀರಾ, ಸೇವೆಗೆ ಅಡ್ಡಿಯಾಗುವಷ್ಟು ಸಾಲವಿದೆಯೇ ಎಂಬ ನೆಲದ ಪ್ರಶ್ನೆಗಳೂ ಇವೆ. ಸಾಲದ ಪ್ರಶ್ನೆ ಕೆಲವರಿಗೆ ಇರುಸುಮುರುಸು. ನನಗಂತೂ ಅದು ಬಹಳ ಅಗತ್ಯವಾದ ಪ್ರಶ್ನೆ. ಊರ ತುಂಬ ಕೈಸಾಲ ಮಾಡಿಕೊಂಡ ಪಾಸ್ಟರಿಗೆ ಸಾಲ ಕೊಟ್ಟವರ ಮುಂದೆ ನಿಂತು ನ್ಯಾಯದ ಮಾತಾಡುವುದು ಕಷ್ಟ.

ಕಥೋಲಿಕರ ಉದ್ದನೆಯ ದಾರಿ

ಕಥೋಲಿಕ ಸಭೆಯಲ್ಲಿ ಗುರುದೀಕ್ಷೆ ಗಂಡಸರಿಗೆ ಮಾತ್ರ. ಲ್ಯಾಟಿನ್ ವಿಧಿಯಲ್ಲಿ ಗುರುಗಳು ಅವಿವಾಹಿತರು. ಕಿರಿಯ ಗುರುಮಠದ (ಸೆಮಿನರಿಯ) ವರ್ಷಗಳು, ತತ್ವಶಾಸ್ತ್ರ, ನಡುವೆ ಒಂದು ವರ್ಷ ಯಾವುದಾದರೂ ಧರ್ಮಕೇಂದ್ರದಲ್ಲಿ ಕೆಲಸ, ಆಮೇಲೆ ನಾಲ್ಕು ವರ್ಷ ದೈವಶಾಸ್ತ್ರ. ಎಲ್ಲ ಸೇರಿದರೆ ಹತ್ತು ವರ್ಷದ ಆಸುಪಾಸು. ಸಭೆಯ ಕಾನೂನಿನಂತೆ ಸೇವಾದರ್ಶಿ, ಅಂದರೆ ಡೀಕನ್, ಆಗಲು 23, ಗುರುವಾಗಲು 25 ವರ್ಷ ತುಂಬಿರಬೇಕು. ಎರಡರ ನಡುವೆ ಕಡಿಮೆಯೆಂದರೂ ಆರು ತಿಂಗಳ ಅಂತರವಿರಬೇಕು.

ಆ ಕಾನೂನಿನ ಎರಡು ವಿಧಿಗಳನ್ನು ಪ್ರತಿಯೊಬ್ಬ ತಂದೆತಾಯಿ ತಿಳಿದಿರಬೇಕು. ಯಾವ ಕಾರಣಕ್ಕೂ, ಯಾವ ರೀತಿಯಲ್ಲೂ ಒಬ್ಬನನ್ನು ದೀಕ್ಷೆಗೆ ಒತ್ತಾಯಿಸುವಂತಿಲ್ಲ. ಹರಕೆ ಹೊತ್ತ ತಾಯಿಗೂ ಆ ಅಧಿಕಾರವಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಗುರುಮಠದಲ್ಲಿ ವಿದ್ಯಾರ್ಥಿ ತನ್ನ ಅಂತರಂಗ ತೆರೆದಿಡುವ ಆಧ್ಯಾತ್ಮಿಕ ಮಾರ್ಗದರ್ಶಿಯ ಅಭಿಪ್ರಾಯವನ್ನು, ಪಾಪನಿವೇದನೆ ಕೇಳುವ ಗುರುವಿನ ಅಭಿಪ್ರಾಯವನ್ನು, ಅವನನ್ನು ದೀಕ್ಷೆಗೆ ಸೇರಿಸಿಕೊಳ್ಳುವ ತೀರ್ಮಾನದಲ್ಲಿ ಕೇಳುವಂತೆಯೇ ಇಲ್ಲ. ಹುಡುಗ ಭಯವಿಲ್ಲದೆ ಸತ್ಯ ಹೇಳಲು ಒಂದು ಜಾಗ ಬೇಕು ಎಂಬುದನ್ನು ಸಭೆ ಅರಿತಿದೆ. ಪ್ರೊಟೆಸ್ಟಂಟ್ ಸಭೆಗಳೂ ಇದನ್ನು ಕಲಿಯಬಹುದು. ಅಲ್ಲಿ ಹಲವು ಬಾರಿ ಮಾರ್ಗದರ್ಶನ ಮಾಡುವವರೂ ಅಂಕ ಹಾಕುವವರೂ ಒಬ್ಬರೇ.

ದೀಕ್ಷೆಯ ದಿನದ ವಿಧಿಯನ್ನು ಹತ್ತಿರದಿಂದ ನೋಡಿದರೆ ಸಭೆಯ ಪಾತ್ರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹೆಸರು ಕರೆದಾಗ ಅಭ್ಯರ್ಥಿ ಬಂದಿದ್ದೇನೆ ಎಂದು ಎದ್ದು ಮುಂದೆ ಬರುತ್ತಾನೆ. ಈತ ಯೋಗ್ಯನೆಂದು ತಿಳಿದಿದೆಯೇ ಎಂದು ಧರ್ಮಾಧ್ಯಕ್ಷರು ಕೇಳುತ್ತಾರೆ. ಜನರ ನಡುವೆ ವಿಚಾರಿಸಿದ್ದೇವೆ, ತರಬೇತಿ ಕೊಟ್ಟವರನ್ನು ಕೇಳಿದ್ದೇವೆ ಎಂಬರ್ಥದ ಉತ್ತರ ಬರಬೇಕು. ಆಮೇಲೆ ಅವನು ನೆಲದ ಮೇಲೆ ಮುಖ ಅಡಿಮಾಡಿ ಉದ್ದಕ್ಕೆ ಮಲಗುತ್ತಾನೆ, ಸಂತರ ಪ್ರಾರ್ಥನಾಮಾಲೆ ನಡೆಯುತ್ತದೆ. ಧರ್ಮಾಧ್ಯಕ್ಷರು ಒಂದು ಮಾತೂ ಆಡದೆ ಅವನ ತಲೆಯ ಮೇಲೆ ಎರಡೂ ಕೈ ಇಡುತ್ತಾರೆ. ಹಿಂದೆಯೇ ಅಲ್ಲಿರುವ ಗುರುಗಳೆಲ್ಲ ಸಾಲಾಗಿ ಬಂದು ಒಬ್ಬೊಬ್ಬರೇ ಕೈ ಇಟ್ಟು ಹೋಗುತ್ತಾರೆ. ಅಂಗೈಗಳಿಗೆ ಪವಿತ್ರ ತೈಲ ಹಚ್ಚುತ್ತಾರೆ. ರೊಟ್ಟಿಯ ತಟ್ಟೆಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಆ ಕೈಗೆ ಕೊಡುತ್ತಾರೆ. ಜನರ ನಡುವೆ ವಿಚಾರಿಸುವ ಮಾತು ಬಾಯುಪಚಾರವಾಗದೆ ಉಳಿದರೆ ಮಾತ್ರ ಇಷ್ಟಕ್ಕೂ ಬೆಲೆ.

ಒಳಮನಸ್ಸನ್ನು ಓದುವುದು

1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡ ಸ್ಪೇನಿನ ಯೋಧ ಇಗ್ನೇಷಿಯಸ್ ಲೊಯೋಲ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಓದಲು ವೀರರ ಕಥೆ ಕೇಳಿದರೆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆ. ಅರಮನೆಯ ಕನಸು ಕಾಣುವಾಗ ಖುಷಿಯಾಗುತ್ತಿತ್ತು, ಕನಸು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು. ಸಂತರಂತೆ ಬದುಕುವುದನ್ನು ನೆನೆದಾಗ ಬಂದ ಖುಷಿ ಆಮೇಲೂ ಉಳಿಯುತ್ತಿತ್ತು. ಆ ವ್ಯತ್ಯಾಸವನ್ನು ಗಮನಿಸಿದ್ದರಿಂದಲೇ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕ ಹುಟ್ಟಿತು.

ಅದರ ಎರಡು ಸಲಹೆಗಳು ಯಾವ ಸಭೆಯವರಿಗಾದರೂ ಉಪಯೋಗಕ್ಕೆ ಬರುತ್ತವೆ. ಮನಸ್ಸು ಕುಸಿದಿರುವಾಗ, ಪ್ರಾರ್ಥನೆ ಸಪ್ಪೆಯೆನಿಸಿದಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡಿ. ಸಾಯುವ ಗಳಿಗೆಯಲ್ಲಿ ನಿಂತು ನೋಡಿದರೆ ಯಾವುದನ್ನು ಆರಿಸಿಕೊಂಡಿದ್ದರೆ ಚೆನ್ನಾಗಿತ್ತು ಎನಿಸುತ್ತದೋ ಅದನ್ನು ಈಗಲೇ ಆರಿಸಿಕೊಳ್ಳಿ. ಪಿ.ಯು.ಸಿ. ಫೇಲಾದ ವಾರದಲ್ಲಿ, ಅಪ್ಪ ತೀರಿಹೋದ ತಿಂಗಳಲ್ಲಿ, ಮದುವೆ ಮಾತು ಮುರಿದುಬಿದ್ದ ಸಂಕಟದಲ್ಲಿ ಸೆಮಿನರಿಗೆ ಅರ್ಜಿ ಹಾಕಲು ಹೊರಟವರಿಗೆ ಸ್ವಲ್ಪ ತಡೆಯಲು ಹೇಳುವುದು ಅವರಿಗೆ ಮಾಡುವ ಉಪಕಾರ.

ಕೌಂಡಿನ್ಯ ಮತ್ತು ಉತ್ತಂಗಿ

ಕನ್ನಡ ನಾಡಿನಲ್ಲಿ ಈ ದಾರಿ ನಡೆದವರ ಪೈಕಿ ಇಬ್ಬರ ಬದುಕು ಚೆನ್ನಾಗಿ ದಾಖಲಾಗಿದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದರು. ‘ಮಂಗಳೂರ ಸಮಾಚಾರ’ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಅವರ ಗುರು. ಹೊಸ ಹೆಸರಿನಲ್ಲಿ ಗುರುವಿನ ಹೆಸರೂ ಸೇರಿ ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿದರು. ಮನೆ, ಜಾತಿ ದೂರವಾದವು, ಹೆಂಡತಿ ಜೊತೆಗೆ ಬರಲಿಲ್ಲ. 1846ರಲ್ಲಿ ಮೋಗ್ಲಿಂಗ್ ಜೊತೆ ಯೂರೋಪಿಗೆ ಹೋಗಿ ಬಾಸೆಲ್ ಮಿಷನ್ನಿನ ವಿದ್ಯಾಲಯದಲ್ಲಿ ಓದಿ 1851ರಲ್ಲಿ ದೀಕ್ಷೆ ಪಡೆದು ಹಿಂತಿರುಗಿದರು. ಸ್ನಾನಕ್ಕೂ ದೀಕ್ಷೆಗೂ ನಡುವೆ ಏಳು ವರ್ಷ. ಅಷ್ಟೆಲ್ಲ ಕಳೆದುಕೊಂಡು ಬಂದವನೆಂದು ಅವರಿಗೆ ಅವಸರದ ರಿಯಾಯಿತಿ ಸಿಗಲಿಲ್ಲ. ಮುಂದೆ ಮಂಗಳೂರಿನಲ್ಲಿ ಪಾಠ ಹೇಳಿದರು, ಕೊಡಗಿನಲ್ಲಿ ದುಡಿದರು. ಅಲ್ಲಿನ ಆನಂದಪುರಕ್ಕೆ ಅವರದೇ ಹೆಸರು. 1893ರಲ್ಲಿ ತೀರಿಕೊಂಡರು.

ಉತ್ತಂಗಿ ಚನ್ನಪ್ಪನವರದು ಬೇರೆ ಬಗೆ. 1881ರಲ್ಲಿ ಧಾರವಾಡದ ಕ್ರೈಸ್ತ ಮನೆಯಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ದೈವಶಾಸ್ತ್ರ ಓದಿ ಬಾಸೆಲ್ ಮಿಷನ್ನಿನ ಪಾದ್ರಿಯಾದರು. ಹಳ್ಳಿಹಳ್ಳಿ ತಿರುಗುವ ಕೆಲಸದಲ್ಲೇ ಜನರ ಬಾಯಲ್ಲಿದ್ದ ಸರ್ವಜ್ಞನನ್ನು ಕೂಡಿಸಿ 1924ರಲ್ಲಿ ಅವನ ವಚನಗಳ ಸಂಗ್ರಹ ಪ್ರಕಟಿಸಿದರು. ಶರಣರ ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು. 1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಈ ಪಾದ್ರಿ. ಹೈದರಾಬಾದ್ ಸಂಸ್ಥಾನ ಹಿಂದಿನ ವರ್ಷವಷ್ಟೇ ಭಾರತಕ್ಕೆ ಸೇರಿತ್ತು. ಕರೆ ಬಂದವರು ತಮ್ಮ ಭಾಷೆ, ನೆಲ, ನೆರೆಹೊರೆಯ ನಂಬಿಕೆಗಳಿಗೆ ಬೆನ್ನು ತಿರುಗಿಸಬೇಕು ಎಂದು ತಿಳಿದವರಿಗೆ ಉತ್ತಂಗಿಯವರ ಬದುಕನ್ನು ಓದಲು ಹೇಳಬೇಕು.

ಮನೆ, ದುಡ್ಡು, ಜಾತಿ

‘ನೌಕರಿ ನೋಡ್ಕೊಳ್ಳೋದು ಬಿಟ್ಟು ಪಾಸ್ಟರ್ ಆಗ್ತೀಯೇನು ಮಗಾ?’ ಎಂದು ಅವ್ವ ಕೇಳಿದರೆ ಅದನ್ನು ನಂಬಿಕೆಯ ಕೊರತೆ ಎನ್ನಬಾರದು. ಗುರುಮಠಕಲ್ ಸುತ್ತಿನ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಜನ ಬೆಂಗಳೂರು, ಹೈದರಾಬಾದ್, ಮುಂಬೈಗೆ ಗುಳೆ ಹೋಗುತ್ತಾರೆ. ಅರ್ಧ ಸಭೆ ಊರಲ್ಲಿಲ್ಲದ ತಿಂಗಳುಗಳಲ್ಲಿ ಕಾಣಿಕೆ ತಟ್ಟೆಯೂ ಹಗುರ. ಹಳ್ಳಿ ಪಾಸ್ಟರಿಗೆ ಬರುವ ಸಂಬಳದಲ್ಲಿ ಮಕ್ಕಳನ್ನು ಓದಿಸುವುದು ಕಷ್ಟವೆಂಬುದು ಎಲ್ಲರಿಗೂ ಗೊತ್ತು. ಮದುವೆಯಾದವರಾದರೆ ಹೆಂಡತಿ ಅಥವಾ ಗಂಡನ ಒಪ್ಪಿಗೆ ಮನಃಪೂರ್ವಕವಾಗಿರಬೇಕು.

ಇದರ ಇನ್ನೊಂದು ಮಗ್ಗಲನ್ನೂ ನೇರವಾಗಿ ಹೇಳಬೇಕು. ಭೂಮಿಯಿಲ್ಲದ ಮನೆಯ ಹುಡುಗನಿಗೆ ಪಾಸ್ಟರ್ ಆಗುವುದೆಂದರೆ ಓದು, ಒಂದು ಮನೆ, ಊರಲ್ಲಿ ಕುರ್ಚಿ, ಹೆಸರಿನ ಮುಂದೆ ‘ರೆವರೆಂಡ್’. ತಲೆಮಾರುಗಳ ಕಾಲ ಮರ್ಯಾದೆ ಸಿಗದವರು ಮರ್ಯಾದೆ ಬಯಸುವುದು ತಪ್ಪಲ್ಲ. ಆ ಆಸೆಯನ್ನೇ ಕರೆ ಎಂದುಕೊಂಡರೆ ಮಾತ್ರ ತೊಂದರೆ. ನನಗೆ ಇದರಲ್ಲಿ ಏನೇನು ಬೇಕು ಎಂದು ಪಟ್ಟಿ ಬರೆದು, ನಂಬಿಕೆಯ ಒಬ್ಬ ಹಿರಿಯರ ಮುಂದೆ ಇಡುವುದು ಒಳ್ಳೆಯ ಅಭ್ಯಾಸ. ಆಸೆಗಳು ಬೆಳಕಿಗೆ ಬಂದ ಮೇಲೂ ಕರೆ ಉಳಿದಿದ್ದರೆ ಅದು ಇನ್ನಷ್ಟು ಗಟ್ಟಿ.

ಈ ಭಾಗದ ಮೆಥಡಿಸ್ಟರಲ್ಲಿ ದಲಿತ ಮೂಲದವರೇ ಹೆಚ್ಚು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರು ಇಂದಿಗೂ ಅದರ ಹೊರಗೆ. ಪಾಸ್ಟರ್ ಆಗುವವರು ತಮ್ಮ ಕ್ರೈಸ್ತತನವನ್ನು ಎಲ್ಲರೆದುರು ಸಾರಿದಂತೆ. ಮಕ್ಕಳ ಸ್ಕಾಲರ್‌ಶಿಪ್ಪಿನಿಂದ ಹಿಡಿದು ಅನೇಕ ವಿಷಯಗಳಲ್ಲಿ ಇದರ ಪರಿಣಾಮವಿದೆ. ಸಭೆಯ ಹಿರಿಯರು ಇದನ್ನು ಅಭ್ಯರ್ಥಿಗೆ ಮೊದಲೇ ಬಿಡಿಸಿ ಹೇಳುವುದು ಅವರ ಹೊಣೆ.

ಹೆಣ್ಣುಮಕ್ಕಳಿಗೆ ಕರೆ ಬಂದರೆ

ಕಥೋಲಿಕರಲ್ಲಿ ಹೆಣ್ಣುಮಕ್ಕಳು ಕನ್ಯಾಸ್ತ್ರೀಯರಾಗಬಹುದು, ಗುರುಗಳಾಗುವಂತಿಲ್ಲ. ಅಮೆರಿಕದ ಮೆಥಡಿಸ್ಟ್ ಸಭೆ 1956ರಲ್ಲಿ ಮಹಿಳೆಯರಿಗೆ ಪೂರ್ಣ ಸೇವಾಧಿಕಾರ ಕೊಟ್ಟಿತು. ಸಿ.ಎಸ್.ಐ.ಯಲ್ಲಿ 1976ರಿಂದ ಮಹಿಳೆಯರಿಗೆ ದೀಕ್ಷೆ ಸಿಗುತ್ತಿದೆ. 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ನಿಯಮ ಬಾಗಿಲು ತೆರೆದಿದ್ದರೂ ಹಳ್ಳಿಯ ಸಭೆಗಳು ಪುರುಷ ಪಾಸ್ಟರನ್ನೇ ಕೇಳುವುದುಂಟು. ಮಿಷನ್ ಕಾಲದಲ್ಲಿ ಮನೆಯೊಳಗಿನ ಹೆಂಗಸರವರೆಗೆ ವಾಕ್ಯ ಮುಟ್ಟಿಸಿದವರು ಬೈಬಲ್ ಬಾಯಿಗಳು ಎಂದು ಕರೆಸಿಕೊಂಡ ಸ್ತ್ರೀಯರು. ದೀಕ್ಷೆಯಿಲ್ಲದೆ ಅಷ್ಟು ಮಾಡಿದವರ ಮೊಮ್ಮಕ್ಕಳಿಗೆ ಯೋಗ್ಯತೆಯ ಪ್ರಶ್ನೆ ಹಾಕುವುದು ಕೃತಘ್ನತೆ.

ಎಲ್ಲಿ ಓದು

ಕನ್ನಡದಲ್ಲೇ ದೈವಶಾಸ್ತ್ರ ಕಲಿಯಬೇಕೆಂದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಮುಖ್ಯ ಸ್ಥಳ. 1847ರ ಬಾಸೆಲ್ ಮಿಷನ್ ಸೆಮಿನರಿಯ ಪರಂಪರೆಯಲ್ಲಿ 1965ರಲ್ಲಿ ಈಗಿನ ರೂಪಕ್ಕೆ ಬಂತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದು. ಇವುಗಳ ಬಿ.ಡಿ. ಪದವಿ ಸೆರಾಂಪುರ ಸೆನೆಟ್ಟಿನದು. ಕಥೋಲಿಕರಿಗೆ ಬೆಂಗಳೂರು ಮಲ್ಲೇಶ್ವರದ ಸಂತ ಪೇತ್ರರ ಗುರುಮಠ, ಮಂಗಳೂರು ಜೆಪ್ಪುವಿನ ಸಂತ ಜೋಸೆಫರ ಗುರುಮಠ ಇವೆ. ಗಡಿ ಸಭೆಗಳಿಗೆ ಹೋಗುವವರು ಹೀಬ್ರೂ, ಗ್ರೀಕ್ ಜೊತೆಗೆ ತೆಲುಗನ್ನೂ ಗಟ್ಟಿಮಾಡಿಕೊಳ್ಳಬೇಕು.

‘ಇಲ್ಲ’ ಎಂಬ ಉತ್ತರ

ಪರೀಕ್ಷೆ ಎಂದ ಮೇಲೆ ‘ಇಲ್ಲ’ ಎಂಬ ಉತ್ತರವೂ ಬರಬಹುದು. ಅದನ್ನು ಸಹಿಸದ ಸಭೆ ಸರಿಯಾಗಿ ಪರೀಕ್ಷಿಸಲಾರದು. ಗುರುಮಠ ಬಿಟ್ಟು ಬಂದ ಹುಡುಗನನ್ನು ಓಡಿಬಂದವನಂತೆ ನೋಡುವುದು, ಅವನಿಗೆ ಹೆಣ್ಣು ಕೊಡಲು ಹಿಂದುಮುಂದು ನೋಡುವುದು ನಮ್ಮಲ್ಲಿ ಇನ್ನೂ ಇದೆ. ಈ ಅಂಜಿಕೆಗೆ ಎಷ್ಟೋ ಮಂದಿ ಮನಸ್ಸಿಲ್ಲದೆ ದೀಕ್ಷೆಯವರೆಗೆ ಹೋಗಿಬಿಡುತ್ತಾರೆ. ಪ್ರಾಮಾಣಿಕವಾಗಿ ಪರೀಕ್ಷಿಸಿಕೊಂಡು ಹಿಂತಿರುಗಿದವನು ಒಳ್ಳೆಯ ಮೇಷ್ಟ್ರಾಗಬಹುದು, ನರ್ಸ್ ಆಗಬಹುದು, ಸಭೆಯ ಖಜಾಂಚಿಯಾಗಬಹುದು. ಅದೂ ಸೇವೆಯೇ.

ಸ್ವತಂತ್ರ ಸಭೆಗಳಲ್ಲಿ ಭಕ್ತಿಯ ಬಿಸಿ ಹೆಚ್ಚು, ವಿಚಾರಿಸುವ ಏರ್ಪಾಡು ಕಡಿಮೆ. ಅಲ್ಲಿನ ಯುವಕರು ತಮ್ಮನ್ನು ಪ್ರಶ್ನಿಸುವ ಕೆಲವರನ್ನು ತಾವೇ ಹುಡುಕಿಕೊಳ್ಳಬೇಕು. ಅಂತಿಯೋಕ್ಯದ ಸಭೆ ಉಪವಾಸ ಮಾಡಿ ಪ್ರಾರ್ಥಿಸಿ ಕೈಯಿಟ್ಟ ಮೇಲೆ ಪೌಲನೂ ಹೊರಟನು ಎಂದು ಅಪೊಸ್ತಲರ ಕೃತ್ಯಗಳಲ್ಲಿ ಇದೆಯಲ್ಲ!

ಗುರುಮಠಕಲ್ಲಿನಲ್ಲಾಗಲಿ ಶಹಾಪುರ, ಸುರಪುರಗಳಲ್ಲಾಗಲಿ, ಕರೆ ಬಂದಿದೆ ಎನಿಸಿದವರಿಗೆ ಒಂದು ಮಾತು. ಅರ್ಜಿ ಬರೆಯುವ ಮೊದಲು ನಿಮ್ಮ ಸಭಾಪಾಲಕರ ಜೊತೆ ಕುಳಿತುಕೊಳ್ಳಿ. ನಿಮ್ಮನ್ನು ಚೆನ್ನಾಗಿ ಬಲ್ಲ, ಆದರೆ ಹೊಗಳದ ಒಬ್ಬರನ್ನು ಕೇಳಿ. ಒಂದು ವರ್ಷ ಸಂಬಳವಿಲ್ಲದೆ, ಹೆಸರಿಲ್ಲದೆ ನಿಮ್ಮದೇ ಊರಿನಲ್ಲಿ ಮಕ್ಕಳಿಗೆ ಕಲಿಸಿ, ರೋಗಿಗಳ ಮನೆಗೆ ಹೋಗಿ. ಸಭೆಯ ಹಿರಿಯರಿಗೂ ಒಂದು ವಿನಂತಿ: ನಿಮ್ಮ ಮುಂದೆ ಬಂದ ಹುಡುಗ ಹುಡುಗಿಯರಿಗೆ ಸಹಿ ಹಾಕಿ ಕಳಿಸುವ ಮೊದಲು ಅವರಿಗೆ ಪೂರ್ತಿ ಒಂದು ಸಂಜೆ ಕೊಡಿ.